ಫ್ರೀಜ್ ಆಗುವ ಮುಂಚೆ ಬನ್ನಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪುಟದಲ್ಲಿ ಒಬ್ಬರು ಬರೆದಿದ್ದರು. ಮುಂಬೈಯ ನಮ್ಮ ಸಂಘಸಂಸ್ಥೆಗಳು ದುಡ್ಡು ಉಳಿಸಲು ಕಂಪ್ಯೂಟರ್ ಕೋಣೆಗಳಲ್ಲಿ ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆ ಹಾಕುತ್ತವೆ, ಅದರಲ್ಲೂ ಎರಡು ಮೂರು ವರ್ಷ ಹಳೆಯ ಸಾಫ್ಟ್‌ವೇರ್ ಇರುತ್ತದೆ, ಇದು ಮಕ್ಕಳಿಗೆ ತಂಗಳು ಬಡಿಸಿದ ಹಾಗೆ ಎಂದು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಆ ಮಾತು ತಪ್ಪು, ಅದನ್ನು ಹೇಳಬೇಕಾದವರಲ್ಲಿ ನಾನೂ ಒಬ್ಬಳು. ಡೊಂಬಿವಲಿಯಲ್ಲಿ ನನ್ನ ಮನೆ. ಮುಲುಂಡಿನ ಒಂದು ಕ್ರೆಡಿಟ್ ಸೊಸೈಟಿಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ. ಭಾನುವಾರ ಸಂಜೆ ನಮ್ಮ ಕಡೆಯ ಒಂದು ಕನ್ನಡ ಸಂಘದ ಕಂಪ್ಯೂಟರ್ ಕೋಣೆಯಲ್ಲಿ ಇರುತ್ತೇನೆ. ಅಲ್ಲಿ 11 ಯಂತ್ರಗಳಿವೆ, ಒಂದನ್ನು ಬಿಟ್ಟು ಎಲ್ಲದರಲ್ಲೂ ಡೆಬಿಯನ್ ಎಂಬ ಲಿನಕ್ಸಿನ ಸ್ಟೇಬಲ್, ಅಂದರೆ ಪರೀಕ್ಷೆ ಮುಗಿದು ಬಿಡುಗಡೆಯಾದ ಆವೃತ್ತಿ. ಹಾಕಿದವಳು ನಾನೇ.

ಮೊದಲು ಒಂದು ಘಟನೆ ಹೇಳುತ್ತೇನೆ. 2024ರ ಆಗಸ್ಟಿನಲ್ಲಿ ನಮ್ಮ ಸೊಸೈಟಿಗೆ ಕಂಪ್ಯೂಟರ್ ಆಡಿಟ್‌ಗೆಂದು ಒಬ್ಬ ಹುಡುಗ ಬಂದ. ಒಳ್ಳೆಯ ಹುಡುಗ, ಕೆಲಸದಲ್ಲಿ ಚುರುಕು. ಭದ್ರತೆಯ ಕೊರತೆ ಹುಡುಕುವ ಸ್ಕ್ಯಾನರ್ ಪ್ರೋಗ್ರಾಂ ಓಡಿಸಿದ. ಸ್ವಲ್ಪ ಹೊತ್ತಿಗೆ ಕೆಂಪು ಅಕ್ಷರದ ಪಟ್ಟಿ ಬಂತು. ಮೊದಲ ಸಾಲಿನಲ್ಲೇ ಓಪನ್‌ಎಸ್‌ಎಸ್‌ಎಚ್ 9.2, ಅಪಾಯ, ಕೂಡಲೇ 9.8ಕ್ಕೆ ಏರಿಸಿ ಎಂದಿತ್ತು. ಅಧ್ಯಕ್ಷರು ಪಟ್ಟಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಇಷ್ಟು ಹಳೆಯದನ್ನು ಯಾಕಮ್ಮ ಇಟ್ಟುಕೊಂಡಿದ್ದೀರಿ ಎಂದು ಕೇಳಿದರು.

ಓಪನ್‌ಎಸ್‌ಎಸ್‌ಎಚ್ ಎಂದರೆ ದೂರದಿಂದ ಸರ್ವರ್ ಒಳಗೆ ಹೋಗುವ ಬಾಗಿಲು. ಆ ವರ್ಷ ಜುಲೈ 1ರಂದು ಅದರಲ್ಲಿ ಒಂದು ದೊಡ್ಡ ತೂತು ಇರುವುದು ಹೊರಗೆ ಬಂತು. ಪಾಸ್‌ವರ್ಡ್ ಇಲ್ಲದೆ ಯಾರಾದರೂ ಒಳಗೆ ನುಗ್ಗಬಹುದಾದ ತೂತು. ಅದನ್ನು ಬರೆಯುವ ಮೂಲ ತಂಡ 9.8ರಲ್ಲಿ ಸರಿಮಾಡಿತು. ಡೆಬಿಯನ್‌ನ ಭದ್ರತಾ ತಂಡ ಅದೇ ದಿನ, ಆ ಒಂದು ರಿಪೇರಿಯನ್ನು ಮಾತ್ರ ತೆಗೆದು, 9.2ಕ್ಕೇ ಹೊಂದಿಸಿ ಕೊಟ್ಟಿತು. ಪ್ಯಾಕೇಜಿನ, ಅಂದರೆ ಹಾಕಲು ಸಿದ್ಧಮಾಡಿ ಕಟ್ಟಿಟ್ಟ ಸಾಫ್ಟ್‌ವೇರಿನ, ಪೂರ್ತಿ ನಂಬರ್ ನೋಡಿದರೆ ಕೊನೆಯಲ್ಲಿ ಡೆಬ್12ಯು3 ಎಂಬ ಬಾಲ ಇರುತ್ತದೆ. ಡೆಬಿಯನ್ 12ರ ಆ ಪ್ಯಾಕೇಜಿಗೆ ಬಂದ ಮೂರನೇ ಅಪ್‌ಡೇಟ್ ಎಂದು ಅದರ ಅರ್ಥ. ಸ್ಕ್ಯಾನರ್ ತಲೆ ಓದಿತ್ತು, ಬಾಲ ಓದಿರಲಿಲ್ಲ. ನಾನು ಹುಡುಗನಿಗೆ ಆ ಬಾಲ ತೋರಿಸಿದೆ, ಡೆಬಿಯನ್‌ನ ಪ್ರಕಟಣೆ ತೋರಿಸಿದೆ, ಅವನು ಪಟ್ಟಿಯಿಂದ ಆ ಸಾಲು ಹೊಡೆದು ಹಾಕಿದ. ಇನ್ನೊಂದು ಮಾತು, ಇದು ನನಗೆ ತುಂಬಾ ಇಷ್ಟ: ಅದಕ್ಕೂ ಹಳೆಯ ಡೆಬಿಯನ್ 11ರಲ್ಲಿ ಇದ್ದದ್ದು 8.4. ಅದರಲ್ಲಿ ಈ ತೂತೇ ಇರಲಿಲ್ಲ. 2006ರಲ್ಲಿ ಮುಚ್ಚಿದ್ದ ತೂತು 8.5ರ ಹೊತ್ತಿಗೆ ಹೊಸ ಬದಲಾವಣೆಯ ಜೊತೆ ಮತ್ತೆ ಒಳಗೆ ಬಂದಿತ್ತು. ಅಂಕಿ ದೊಡ್ಡದಾದರೆ ಯಂತ್ರ ಭದ್ರ ಎಂದು ನಂಬುವವರು ಇದನ್ನು ಒಮ್ಮೆ ಯೋಚಿಸಬೇಕು ಅಲ್ವಾ.

ಹಾಗಾದರೆ ಸುಮ್ನೆ 9.8ನ್ನೇ ಯಾಕೆ ಹಾಕುವುದಿಲ್ಲ? ಎಲ್ಲರೂ ಕೇಳುವ ಪ್ರಶ್ನೆ. 9.2ರಿಂದ 9.8ರ ತನಕ ಬರುವಾಗ ಆ ಒಂದು ರಿಪೇರಿ ಅಷ್ಟೇ ಬರುವುದಿಲ್ಲ. ನೂರಾರು ಬೇರೆ ಬದಲಾವಣೆಗಳೂ ಬರುತ್ತವೆ. ಒಂದು ಸೆಟ್ಟಿಂಗ್‌ನ ಹೆಸರು ಬದಲಾಗಿರಬಹುದು, ಹಳೆಯ ಕೀ ನಡೆಯದಿರಬಹುದು, ರಾತ್ರಿ ಬ್ಯಾಕಪ್ ತೆಗೆಯುವ ಸ್ಕ್ರಿಪ್ಟ್ ಸದ್ದಿಲ್ಲದೆ ನಿಂತುಹೋಗಬಹುದು. ಸೊಸೈಟಿಯಲ್ಲಿ ಸದಸ್ಯರ ಠೇವಣಿ ಲೆಕ್ಕ ಇದೆ. ಅಲ್ಲಿ ನನಗೆ ಬೇಕಾದದ್ದು ನಿನ್ನೆ ನಡೆದ ಹಾಗೆ ಇವತ್ತೂ ನಡೆಯುವುದು, ಮತ್ತು ತೂತು ಮಾತ್ರ ಮುಚ್ಚಿರುವುದು. ಎರಡೂ ಒಟ್ಟಿಗೆ ಬೇಕು. ಸ್ಟೇಬಲ್ ಕೊಡುವುದು ಅದನ್ನೇ.

ಅದನ್ನು ಕೊಡಲು ಎಷ್ಟು ಜನ ಎಷ್ಟು ದುಡಿಯುತ್ತಾರೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಕಾಣುವುದು ಹಳೆಯ ಅಂಕಿ ಮಾತ್ರ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಡೆಬಿಯನ್ ಶುರುವಾದದ್ದು 1993ರ ಆಗಸ್ಟ್ 16ರಂದು. ಇಯಾನ್ ಮರ್ಡಾಕ್ ಎಂಬ ಯುವಕ ಶುರುಮಾಡಿದ್ದು. ಇವತ್ತಿಗೂ ಅದಕ್ಕೆ ಯಜಮಾನ ಕಂಪನಿ ಇಲ್ಲ, ಲೋಕದ ತುಂಬಾ ಇರುವ ಸ್ವಯಂಸೇವಕರು ನಡೆಸುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಅವರ ವಾರ್ಷಿಕ ಸಮ್ಮೇಳನ ನಮ್ಮ ಕೊಚ್ಚಿಯಲ್ಲೇ ನಡೆಯಿತು. ಡೆಬಿಯನ್‌ನಲ್ಲಿ ಮೂರು ಮೆಟ್ಟಿಲು. ಹೊಸದೆಲ್ಲ ಮೊದಲು ಬಂದು ಬೀಳುವುದು ಅನ್‌ಸ್ಟೇಬಲ್‌ಗೆ. ಅಲ್ಲಿ ಕೆಲವು ದಿನ ಕೂರಬೇಕು, ಅವಸರ ನೋಡಿ 2, 5 ಅಥವಾ 10 ದಿನ. ಅಷ್ಟರಲ್ಲಿ ಯಾರೂ ದೊಡ್ಡ ದೂರು ಕೊಡದಿದ್ದರೆ, ಬೇರೆ ಪ್ಯಾಕೇಜುಗಳನ್ನು ಮುರಿಯದಿದ್ದರೆ, ಒಂದು ಪ್ರೋಗ್ರಾಂ ಅದನ್ನು ತಾನಾಗಿಯೇ ಟೆಸ್ಟಿಂಗ್‌ಗೆ ದಾಟಿಸುತ್ತದೆ. ಈ ದಾಟಿಸುವ ಪ್ರೋಗ್ರಾಂಗೆ ಬ್ರಿಟ್ನಿ ಎಂದು ಹೆಸರು. ಟೆಸ್ಟಿಂಗ್ ಸುಮಾರು ಎರಡು ವರ್ಷ ಹೀಗೆ ತುಂಬುತ್ತಾ ಹೋಗುತ್ತದೆ. ಆಮೇಲೆ ಫ್ರೀಜ್, ಅಂದರೆ ಹೊಸ ಬದಲಾವಣೆಗಳಿಗೆ ಬಾಗಿಲು ಮುಚ್ಚುವುದು.

ಫ್ರೀಜ್ ಒಂದೇ ಸಲ ಆಗುವುದಲ್ಲ. ಈಗಿನ ಡೆಬಿಯನ್ 13, ಅಂದರೆ ಟ್ರಿಕ್ಸಿಯನ್ನೇ ನೋಡಿ. 2025ರ ಮಾರ್ಚ್ 15ಕ್ಕೆ ಮೊದಲ ಬಾಗಿಲು ಮುಚ್ಚಿತು, ಬೇರೆ ಪ್ರೋಗ್ರಾಂಗಳು ಆಧರಿಸುವ ದೊಡ್ಡ ಲೈಬ್ರರಿಗಳನ್ನು, ಕೋಡನ್ನು ಪ್ರೋಗ್ರಾಂ ಆಗಿಸುವ ಕಂಪೈಲರ್‌ಗಳನ್ನು ಇನ್ನು ಬದಲಿಸುವ ಹಾಗಿಲ್ಲ ಎಂದರು. ಏಪ್ರಿಲ್ 15ಕ್ಕೆ ಎರಡನೆಯದು, ಹೊಸ ಪ್ಯಾಕೇಜು ಬೇಡ, ಸಣ್ಣ ರಿಪೇರಿ ಮಾತ್ರ. ಮೇ 15ಕ್ಕೆ ಗಟ್ಟಿ ಫ್ರೀಜ್. ಅಲ್ಲಿಂದ ಮುಂದೆ ಮುಖ್ಯವಾದ ಪ್ಯಾಕೇಜಿನಲ್ಲಿ ಏನನ್ನೇ ಬದಲಿಸಬೇಕಾದರೂ ರಿಲೀಸ್ ತಂಡದ ಮುಂದೆ ಅರ್ಜಿ ಹಾಕಬೇಕು, ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ಸಾಲು ಸಾಲಾಗಿ ಜೊತೆಗೆ ಇಡಬೇಕು, ಯಾರಾದರೂ ಒಬ್ಬರು ಅದನ್ನು ಕಣ್ಣಿಂದ ಓದಿ ಸರಿ ಅಥವಾ ಬೇಡ ಎನ್ನಬೇಕು. ಜುಲೈ 27ಕ್ಕೆ ಪೂರ್ತಿ ಫ್ರೀಜ್. ಆಗಸ್ಟ್ 9ಕ್ಕೆ ಬಿಡುಗಡೆ. ಒಟ್ಟು 69,830 ಪ್ಯಾಕೇಜುಗಳು. ಐದು ತಿಂಗಳು ಆ ಜನ ಮಾಡಿದ ಕೆಲಸದಲ್ಲಿ ಜಾಸ್ತಿ ಪಾಲು ಬೇಡ ಎನ್ನುವುದು. ತನ್ನ ಪ್ರೋಗ್ರಾಂನ ಹೊಸ ಆವೃತ್ತಿ ತುಂಬಾ ಚೆನ್ನಾಗಿದೆ, ಒಂದೇ ಒಂದು ಸಲ ಒಳಗೆ ಬಿಡಿ ಎಂದು ಕೇಳುವವನಿಗೆ ಬೇಡ ಎನ್ನುವುದು ಸುಲಭ ಅಲ್ಲ. ಅವನೂ ಸಂಬಳವಿಲ್ಲದೆ ದುಡಿಯುವವನೇ. ಅವನ ಮಾತಿನಲ್ಲಿ ನ್ಯಾಯವೂ ಇರುತ್ತದೆ. ಆದರೂ ಬೇಡ ಎನ್ನಬೇಕು, ಅವನು ಮುನಿಸಿಕೊಂಡು ಬಿಟ್ಟುಹೋಗದ ಹಾಗೆ ಹೇಳಬೇಕು.

ಹೀಗೆ ಕಾಯುವುದು ಅತಿಯಾದದ್ದೂ ಉಂಟು. 2002ರ ಜುಲೈಯಲ್ಲಿ ವುಡಿ ಎಂಬ ಬಿಡುಗಡೆ ಬಂದ ಮೇಲೆ ಮುಂದಿನದು, ಸಾರ್ಜ್, ಬಂದದ್ದು 2005ರ ಜೂನ್ 6ಕ್ಕೆ. ಸುಮಾರು ಮೂರು ವರ್ಷ. ಹೊಸ ಯಂತ್ರ ಕೊಂಡ ಹಲವರಿಗೆ ವುಡಿ ಹಾಕಲು ಆಗುತ್ತಿರಲಿಲ್ಲ, ಹಾರ್ಡ್‌ವೇರ್ ಅದಕ್ಕೆ ಗುರುತೇ ಸಿಗುತ್ತಿರಲಿಲ್ಲ. ಆಗ ಬಂದ ಬೈಗುಳ ನ್ಯಾಯವಾದದ್ದೇ. ಅದರಿಂದ ಪಾಠ ಕಲಿತರು. ಈಗ ಫ್ರೀಜ್‌ನ ತಾರೀಖುಗಳನ್ನು ತಿಂಗಳುಗಳ ಮುಂಚೆಯೇ ಹೇಳುತ್ತಾರೆ, ಎರಡು ವರ್ಷಕ್ಕೊಮ್ಮೆ ಬಿಡುಗಡೆ ಹೆಚ್ಚುಕಮ್ಮಿ ಆಗುತ್ತದೆ. ಬಿಡುಗಡೆಯ ದಿನವನ್ನು ಮಾತ್ರ ತುಂಬಾ ಮುಂಚೆ ಹೇಳುವುದಿಲ್ಲ. ತಯಾರಾದಾಗ ಬರುತ್ತದೆ.

ಬಿಡುಗಡೆ ಆದ ಮೇಲೆ ಇರುವುದೇ ದೊಡ್ಡ ಕೆಲಸ, ಅದನ್ನು ಮುಂಬೈ ಲೋಕಲ್ ರೈಲಿನ ಸೆಂಟ್ರಲ್ ಲೈನಿನಲ್ಲಿ ಓಡಾಡುವ ನಮಗೆ ಅರ್ಥಮಾಡಿಸುವುದು ಸುಲಭ. ಭಾನುವಾರದ ಮೆಗಾ ಬ್ಲಾಕ್ ಗೊತ್ತಲ್ಲ. ಮಾಟುಂಗಾ ಮುಲುಂಡ್ ನಡುವೆ ಫಾಸ್ಟ್ ಗಾಡಿಗಳನ್ನು ಸ್ಲೋ ಹಳಿಗೆ ತಿರುಗಿಸುತ್ತಾರೆ, ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಹಳಿ, ಸಿಗ್ನಲ್, ಮೇಲಿನ ತಂತಿ ಎಲ್ಲ ನೋಡುತ್ತಾರೆ. ಹೊಸ ಸ್ಟೇಷನ್ ಕಟ್ಟುವುದಿಲ್ಲ. ದಾರಿ ಬದಲಿಸುವುದಿಲ್ಲ. ಸೋಮವಾರ ಬೆಳಿಗ್ಗೆ ಅದೇ ಗಾಡಿ, ಅದೇ ಪ್ಲಾಟ್‌ಫಾರಂ. ಡೆಬಿಯನ್‌ನಲ್ಲಿ ಇದಕ್ಕೆ ಪಾಯಿಂಟ್ ರಿಲೀಸ್ ಎನ್ನುತ್ತಾರೆ, 12.1, 12.2 ಹೀಗೆ, ಸುಮಾರು ಎರಡು ತಿಂಗಳಿಗೊಮ್ಮೆ, ಸಾಮಾನ್ಯವಾಗಿ ಶನಿವಾರ. ಅವಸರದ ಭದ್ರತಾ ರಿಪೇರಿ ಅದಕ್ಕೆ ಕಾಯುವುದಿಲ್ಲ, ಅದು ಬೇರೆ ದಾರಿಯಲ್ಲಿ, ತಯಾರಾದ ಕೂಡಲೇ ಬರುತ್ತದೆ. ಉಳಿದ ರಿಪೇರಿಗಳು ಒಂದು ಕಾಯುವ ಕೋಣೆಯಲ್ಲಿ ಸೇರುತ್ತವೆ. ಅಲ್ಲಿಗೆ ಬರಲೂ ನಿಯಮ ಇದೆ. ಅದೇ ರಿಪೇರಿ ಮೊದಲು ಅನ್‌ಸ್ಟೇಬಲ್‌ನಲ್ಲಿ ಆಗಿರಬೇಕು. ದೊಡ್ಡ ತೊಂದರೆಯದ್ದಾಗಿರಬೇಕು. ಬದಲಾವಣೆ ಆದಷ್ಟು ಚಿಕ್ಕದಾಗಿರಬೇಕು. ಲಿನಕ್ಸಿನ ತಿರುಳಾದ ಕರ್ನಲ್ ಬರೆಯುವವರದ್ದೂ ಇದೇ ರೀತಿ, 2005ರಲ್ಲಿ ಗ್ರೆಗ್ ಕ್ರೋಹಾರ್ಟ್‌ಮನ್ ಮತ್ತು ಕ್ರಿಸ್ ರೈಟ್ ಸ್ಟೇಬಲ್ ಕರ್ನಲ್ ಶುರುಮಾಡಿದಾಗ ಒಂದು ಪ್ಯಾಚ್, ಅಂದರೆ ತಿದ್ದುಪಡಿ, 100 ಸಾಲು ದಾಟಬಾರದು ಎಂಬಂಥ ಕಟ್ಟಳೆಗಳನ್ನು ಇಟ್ಟುಕೊಂಡರು.

ಇಷ್ಟು ಕಾವಲಿದ್ದರೂ ತಪ್ಪುತ್ತದೆ. ಅದನ್ನು ಮುಚ್ಚಿಟ್ಟು ಬರೆದರೆ ನಾನು ಪ್ರಾಮಾಣಿಕಳಲ್ಲ. 2023ರ ಡಿಸೆಂಬರ್ 9, ಶನಿವಾರ. 12.3 ಬಿಡುಗಡೆ ಆಗಬೇಕಿತ್ತು. ಪ್ಯಾಕೇಜುಗಳು ಹೊರಟೂ ಆಗಿತ್ತು. ಅದರಲ್ಲಿದ್ದ 6.1.64 ಕರ್ನಲ್‌ನಲ್ಲಿ, ಕೆಲವು ರೀತಿಯಲ್ಲಿ ಬರೆದ ಫೈಲುಗಳು ಎಕ್ಸ್ಟ್4 ಎಂಬ ಬಗೆಯಲ್ಲಿ ಜೋಡಿಸಿದ ಡಿಸ್ಕಿನ ಮೇಲೆ ಹಾಳಾಗಬಹುದು ಎಂದು ಗೊತ್ತಾಯಿತು. ಕಾರಣ ಏನು ಗೊತ್ತೇ? ಮುಖ್ಯ ಕರ್ನಲ್‌ನಿಂದ ಒಂದು ಒಳ್ಳೆಯ ರಿಪೇರಿಯನ್ನು ಸ್ಟೇಬಲ್‌ಗೆ ತಂದಿದ್ದರು. ಆ ರಿಪೇರಿ ಸರಿಯಾಗಿ ಕೆಲಸ ಮಾಡಲು ಅದಕ್ಕೂ ಮುಂಚಿನ ಇನ್ನೊಂದು ಬದಲಾವಣೆ ಬೇಕಿತ್ತು. ಅದು ಜೊತೆಗೆ ಬಂದಿರಲಿಲ್ಲ. ಒಂದೊಂದಾಗಿ ನೋಡಿದರೆ ಯಾರ ಕೈಯಲ್ಲೂ ತಪ್ಪಿಲ್ಲ. ಬ್ಯಾಕ್‌ಪೋರ್ಟ್ ಎಂಬ ಕೆಲಸದ ಕಷ್ಟವೇ ಇದು, ರಿಪೇರಿಯನ್ನು ಅದು ಹುಟ್ಟಿದ ಮನೆಯಿಂದ ಎತ್ತಿ ಇನ್ನೊಂದು ಮನೆಗೆ ತರುವಾಗ ಅದರ ಹಿಂದಿನ ಸಂಬಂಧಗಳೆಲ್ಲ ಕಣ್ಣಿಗೆ ಬೀಳುವುದಿಲ್ಲ. ಡೆಬಿಯನ್‌ನವರು 12.3ನ್ನು ಅಲ್ಲೇ ನಿಲ್ಲಿಸಿದರು. ಈಗ ಅಪ್‌ಡೇಟ್ ಮಾಡಬೇಡಿ ಎಂದು ಬಹಿರಂಗವಾಗಿ ಹೇಳಿದರು. ಮಾರನೆಯ ದಿನ, ಭಾನುವಾರ, ಸರಿಯಾದ ಕರ್ನಲ್ ಇರುವ 12.4 ಕೊಟ್ಟರು. ನಾನು ಆ ಎರಡು ದಿನ ನನ್ನ ಸರ್ವರ್‌ಗಳನ್ನು ಮುಟ್ಟಲಿಲ್ಲ, ಡಿಸೆಂಬರ್ 11ರ ಸೋಮವಾರ ಬೆಳಿಗ್ಗೆ ಒಂದನ್ನು ಮಾತ್ರ ಮಾಡಿ ನೋಡಿ ಆಮೇಲೆ ಉಳಿದವನ್ನು ಮಾಡಿದೆ. ಎಲ್ಲವನ್ನೂ ಒಂದೇ ಸಲ ಅಪ್‌ಡೇಟ್ ಮಾಡುವುದು ನನಗೆ ಯಾವತ್ತೂ ಒಪ್ಪಿಗೆಯಿಲ್ಲ. 2024ರ ಜುಲೈ 19ರಂದು ಒಂದು ಭದ್ರತಾ ಸಾಫ್ಟ್‌ವೇರಿನ ಒಂದೇ ಅಪ್‌ಡೇಟ್ ಎಲ್ಲ ಕಡೆ ಒಟ್ಟಿಗೆ ಹೋಗಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದ್ದು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟದ್ದು ನಿಮ್ಮ ಓದುಗರಿಗೆ ನೆನಪಿರಬಹುದು.

ಇನ್ನೂ ಹಳೆಯ ತಪ್ಪು ಒಂದಿದೆ, ಡೆಬಿಯನ್‌ನದೇ ತಪ್ಪು. 2006ರಲ್ಲಿ, ಗುಟ್ಟಿನ ಕೀ ಮಾಡಲು ಬಳಸುವ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ ಒಂದು ಪರೀಕ್ಷಾ ಉಪಕರಣ ಎಚ್ಚರಿಕೆ ಕೊಡುತ್ತಿದೆ ಎಂದು ಕೋಡಿನ ಸಾಲುಗಳನ್ನು ತೆಗೆದರು. ಆ ಸಾಲುಗಳೇ ಗುಟ್ಟಿನ ಕೀಗಳಿಗೆ ಯದ್ವಾತದ್ವಾ ಅಂಕಿಗಳನ್ನು ತುಂಬಿಸುತ್ತಿದ್ದದ್ದು. ಅದು ಗೊತ್ತಾಗಿ ಪ್ರಕಟವಾದದ್ದು 2008ರ ಮೇ 13ಕ್ಕೆ. ಅಷ್ಟರ ತನಕ ಆ ಯಂತ್ರಗಳಲ್ಲಿ ಮಾಡಿದ ಒಂದೊಂದು ಬಗೆಯ ಕೀಗೆ ಸಾಧ್ಯವಿದ್ದದ್ದು 32,767 ರೂಪ ಮಾತ್ರ. ಕಂಪ್ಯೂಟರ್‌ಗೆ ಅಷ್ಟನ್ನೂ ಒಂದೊಂದಾಗಿ ಹಾಕಿ ನೋಡುವುದು ಏನೂ ಕಷ್ಟವಲ್ಲ. ಸಣ್ಣ ಬದಲಾವಣೆಯಾದರೂ ಇನ್ನೊಬ್ಬರು ಓದಲೇಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಸೊಸೈಟಿಯಲ್ಲಿ ನನ್ನ ಜೊತೆ ಇರುವುದು ಒಬ್ಬಳೇ ಹುಡುಗಿ, ಆದರೂ ನಾನು ಮಾಡಿದ್ದನ್ನು ಅವಳು ಓದುತ್ತಾಳೆ, ಅವಳು ಮಾಡಿದ್ದನ್ನು ನಾನು ಓದುತ್ತೇನೆ.

2024ರ ಮಾರ್ಚ್ 29ರ ವಿಷಯ ಪತ್ರಿಕೆಗಳಲ್ಲೂ ಬಂದಿತ್ತು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಕೆಲಸ ಮಾಡುವ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ತನ್ನ ಡೆಬಿಯನ್ ಅನ್‌ಸ್ಟೇಬಲ್ ಯಂತ್ರದಲ್ಲಿ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಬೆನ್ನುಹತ್ತಿ ಹೋದ. ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಪುಟ್ಟ ಪ್ಯಾಕೇಜಿನ 5.6.0 ಮತ್ತು 5.6.1ರಲ್ಲಿ ಯಾರೋ ಬೇಕೆಂದೇ ಇಟ್ಟ ಕಳ್ಳಬಾಗಿಲು ಸಿಕ್ಕಿತು. ಇಟ್ಟವನು ಎರಡು ವರ್ಷ ಸಹಾಯಕನ ಹಾಗೆ ನಂಬಿಕೆ ಗಳಿಸಿ ಒಳಗೆ ಬಂದಿದ್ದ. ಅದು ಡೆಬಿಯನ್ ಅನ್‌ಸ್ಟೇಬಲ್, ಟೆಸ್ಟಿಂಗ್ ಎರಡಕ್ಕೂ ಬಂದಿತ್ತು. ಸ್ಟೇಬಲ್‌ಗೆ ಬಂದಿರಲಿಲ್ಲ. ಸ್ಟೇಬಲ್‌ನವರು ಜಾಣತನದಿಂದ ಹಿಡಿದರು ಎಂದು ನಾನು ಹೇಳುವುದಿಲ್ಲ, ಹಿಡಿದವನು ಅನ್‌ಸ್ಟೇಬಲ್ ಬಳಸುತ್ತಿದ್ದ ಒಬ್ಬ ಮನುಷ್ಯ. ಕಾಯುವ ಆ ಸಮಯ ಅವನಿಗೆ ಸಿಕ್ಕಿತು, ಅಷ್ಟೇ. ಏಪ್ರಿಲ್‌ನಲ್ಲಿ ಬರಬೇಕಿದ್ದ 12.6ನ್ನು ಎಲ್ಲವನ್ನೂ ಪರೀಕ್ಷಿಸಲು ಮುಂದೆ ಹಾಕಿದರು, ಅದು ಬಂದದ್ದು ಜೂನ್ 29ಕ್ಕೆ.

ಈಗ ನಮ್ಮ ಕಡೆಯವರು ಮಾಡುವ ತಪ್ಪುಗಳಿಗೆ ಬರುತ್ತೇನೆ, ಇವೇ ನನ್ನನ್ನು ಜಾಸ್ತಿ ನೋಯಿಸುವುದು. ಬಹಳ ವರ್ಷದ ಹಿಂದೆ ನಾನು ಬೇರೆ ಒಂದು ಆಫೀಸಿನಲ್ಲಿದ್ದೆ. ಅಲ್ಲಿ ಸಹೋದ್ಯೋಗಿಯೊಬ್ಬನಿಗೆ ಒಂದು ಲೈಬ್ರರಿಯ ಹೊಸ ಆವೃತ್ತಿ ಬೇಕಾಯಿತು. ಸ್ಟೇಬಲ್ ಸರ್ವರ್ ತನ್ನ ಸಾಫ್ಟ್‌ವೇರನ್ನು ಎಲ್ಲಿಂದ ತರಬೇಕೆಂಬ ಪಟ್ಟಿಗೆ ಟೆಸ್ಟಿಂಗ್‌ನ ಒಂದು ಸಾಲು ಸೇರಿಸಿ ಇನ್‌ಸ್ಟಾಲ್ ಎಂದ. ಬೇಕಿದ್ದದ್ದು ಒಂದು, ಅದರ ಹಿಂದೆ ಎಲ್ಲಕ್ಕೂ ಬುಡವಾದ ಸಿ ಲೈಬ್ರರಿ ಬಂತು, ಅದರ ಹಿಂದೆ ಇನ್ನೂ ಹತ್ತಾರು ಬಂದವು. ಸರ್ವರ್ ಸ್ಟೇಬಲ್ಲೂ ಅಲ್ಲ, ಟೆಸ್ಟಿಂಗೂ ಅಲ್ಲ ಎಂಬಂತಾಯಿತು. ಇಂಥದ್ದಕ್ಕೆ ಡೆಬಿಯನ್‌ನವರು ಫ್ರಾಂಕನ್‌ಡೆಬಿಯನ್ ಎನ್ನುತ್ತಾರೆ. ಅವತ್ತು ತಿಂಗಳ ಕೊನೆಯ ಶುಕ್ರವಾರ, ಸಂಬಳದ ಲೆಕ್ಕ ನಡೆಯಬೇಕಿತ್ತು, ಡೇಟಾಬೇಸ್ ಏಳಲೇ ಇಲ್ಲ. ರಾತ್ರಿಯಿಡೀ ಕೂತು ಬ್ಯಾಕಪ್‌ನಿಂದ ಎಬ್ಬಿಸಿದಾಗ ಶನಿವಾರ ಮಧ್ಯಾಹ್ನ. ಗೋದಾಮಿನ ಹುಡುಗರಿಗೆ ಸಂಬಳ ಹೋದದ್ದು ಸೋಮವಾರ. ಅದರಲ್ಲಿ ಒಬ್ಬನ ಮನೆಯಲ್ಲಿ ಆ ಶನಿವಾರ ಬಾಡಿಗೆ ಕೊಡಬೇಕಿತ್ತು ಎಂದು ಆಮೇಲೆ ಗೊತ್ತಾಯಿತು. ಆ ಸಹೋದ್ಯೋಗಿಯನ್ನು ಎಲ್ಲರೂ ಬೈದರು. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಬ್ಯಾಕ್‌ಪೋರ್ಟ್ಸ್ ಎಂದು ಬೇರೆಯೇ ವಿಭಾಗ ಇದೆ, ಹೊಸದನ್ನು ಸ್ಟೇಬಲ್‌ಗೆ ಹೊಂದುವ ಹಾಗೆ ಅಲ್ಲಿ ಕಟ್ಟಿಟ್ಟಿರುತ್ತಾರೆ, ಬೇಕಾದ ಒಂದನ್ನು ಮಾತ್ರ ತೆಗೆದುಕೊಳ್ಳಬಹುದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಇನ್ನೊಂದು ತಪ್ಪು ಇದರ ತಿರುವು. ಸ್ಟೇಬಲ್ ಅಂದರಲ್ಲ ಎಂದು ಒಮ್ಮೆ ಹಾಕಿ ಮರೆತುಬಿಡುವುದು. ಡೆಬಿಯನ್‌ನ ಒಂದು ಬಿಡುಗಡೆಗೆ ಮೂರು ವರ್ಷ ಪೂರ್ತಿ ಆರೈಕೆ, ಆಮೇಲೆ ಎರಡು ವರ್ಷ ಬೇರೊಂದು ತಂಡದ ದೀರ್ಘ ಆರೈಕೆ, ಒಟ್ಟು ಐದು. ಆಮೇಲೆ ತೂತು ಕಂಡರೂ ಡೆಬಿಯನ್ ಕಡೆಯಿಂದ ಮುಚ್ಚುವವರಿಲ್ಲ. 2024ರಲ್ಲೂ ಡೆಬಿಯನ್ 8 ಓಡಿಸುತ್ತಿದ್ದ ಒಂದು ಜಾಗ ನಾನು ಕಂಡಿದ್ದೇನೆ, ಅದರ ದೀರ್ಘ ಆರೈಕೆಯೂ 2020ರ ಜೂನ್‌ನಲ್ಲಿ ಮುಗಿದಿತ್ತು. ಅದು ಸ್ಟೇಬಲ್ ಅಲ್ಲ, ಅನಾಥ. ಅಲ್ಲಿಂದ ಒಂದೇ ನೆಗೆತಕ್ಕೆ 12ಕ್ಕೆ ಹಾರಲೂ ಆಗುವುದಿಲ್ಲ. 8ರಿಂದ 9, 9ರಿಂದ 10, ಹೀಗೆ ಒಂದೊಂದೇ ಮೆಟ್ಟಿಲು ಹತ್ತಬೇಕು, ಬಿಟ್ಟು ಹಾರಿದರೆ ಡೆಬಿಯನ್ ಹೊಣೆ ಹೊರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಒಂದು ಶನಿವಾರ ಭಾನುವಾರ ಎತ್ತಿಟ್ಟರೆ ಸಾಕು. ನಮ್ಮ ಸೊಸೈಟಿಯ ಅಧ್ಯಕ್ಷರು ಈಗ ಕ್ಯಾಲೆಂಡರಿನಲ್ಲಿ ಆ ದಿನವನ್ನು ತಾವೇ ಗುರುತು ಹಾಕುತ್ತಾರೆ.

ಸ್ಟೇಬಲ್‌ನಲ್ಲಿ ಏನೂ ಬದಲಾಗುವುದಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಫೈರ್‌ಫಾಕ್ಸ್‌ನಂಥ ಬ್ರೌಸರ್‌ಗೆ ರಿಪೇರಿಗಳನ್ನು ಒಂದೊಂದಾಗಿ ಹಿಂದಕ್ಕೆ ಹೊಂದಿಸಲು ಆಗುವುದಿಲ್ಲ, ಅಷ್ಟು ದೊಡ್ಡದು ಅದು. ಅದಕ್ಕೆ ಅದರ ದೀರ್ಘಾವಧಿಯ ಆವೃತ್ತಿಯನ್ನು ಇಟ್ಟು, ಕಾಲಕಾಲಕ್ಕೆ ಹೊಸದನ್ನೇ ಕೊಡುತ್ತಾರೆ. ದೇಶದೇಶದ ಗಡಿಯಾರದ ಲೆಕ್ಕ, ವೈರಸ್ ಹುಡುಕುವ ಪ್ರೋಗ್ರಾಂ, ಇವೂ ಹಾಗೇ. ಹೊಸದಾಗದಿದ್ದರೆ ಇವುಗಳಿಂದ ಉಪಯೋಗವೇ ಇಲ್ಲ. ಆದ್ದರಿಂದ ಸಂಘದ ಕೋಣೆಗೆ ಬರುವ ಮಕ್ಕಳ ಬ್ರೌಸರ್ ಹಳೆಯದಲ್ಲ, ಆ ಓದುಗರು ಬಂದು ನೋಡಬಹುದು.

ಕೊನೆಗೆ ನಾನು ಈ ಪತ್ರ ಬರೆಯಲು ಕೂತ ನಿಜವಾದ ಕಾರಣ. ಹಳೆಯದು ಎಂದು ದೂರುವ ನಾವು ಕನ್ನಡದವರು, ಅದು ತಯಾರಾಗುವಾಗ ಎಲ್ಲಿರುತ್ತೇವೆ? ಡೆಬಿಯನ್ ಹಾಕುವಾಗ ಮೊದಲ ಪರದೆಯಲ್ಲಿ ಭಾಷೆಗಳ ಪಟ್ಟಿ ಬರುತ್ತದೆ, ಅದರಲ್ಲಿ ಕನ್ನಡ ಇದೆ. ಗುಬ್ಬಿ, ನವಿಲು, ಲೋಹಿತ್ ಎಂಬ ಹೆಸರಿನ ಕನ್ನಡ ಫಾಂಟುಗಳು ಇವೆ. ಇದೆಲ್ಲ ಯಾರೋ ಕೆಲವರು ಕೂತು ಮಾಡಿದ್ದು. ಹಿಂದೊಮ್ಮೆ ಸಂಘದ ಯಂತ್ರದಲ್ಲಿ ಒಂದು ಪುಟ್ಟ ಪ್ರೋಗ್ರಾಂನ ಮೆನುವಿನಲ್ಲಿ ಕನ್ನಡ ತಪ್ಪಾಗಿರುವುದು ನನ್ನ ಕಣ್ಣಿಗೆ ಬಿತ್ತು. ಉಳಿಸು ಎನ್ನಬೇಕಾದ ಕಡೆ ಅಳಿಸು ಎಂದಿತ್ತು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಅರ್ಧ ಗಂಟೆ ಬರೆದ ಪ್ರಬಂಧವನ್ನು ಉಳಿಸಲು ಹೆದರಿ ಕೂತಿದ್ದಳು. ನಾನು ಅವತ್ತೇ ದೂರು ಕಳಿಸಿದೆ. ಎರಡು ದಿನದಲ್ಲಿ ಉತ್ತರ ಬಂತು, ತುಂಬಾ ವಿನಯದ ಉತ್ತರ. ತಪ್ಪು ನಿಜ, ಅನ್‌ಸ್ಟೇಬಲ್‌ನಲ್ಲಿ ಸರಿಮಾಡಿದ್ದೇವೆ, ಆದರೆ ಸ್ಟೇಬಲ್ ಬಿಡುಗಡೆ ಆಗಿಹೋಗಿದೆ, ಅನುವಾದದ ಒಂದು ಶಬ್ದಕ್ಕಾಗಿ ಅದನ್ನು ತೆರೆಯುವುದು ಕಷ್ಟ, ಮುಂದಿನ ಬಿಡುಗಡೆಯಲ್ಲಿ ಬರುತ್ತದೆ ಎಂದು. ಓದಿ ನನಗೆ ತುಂಬಾ ಬೇಸರವಾಯಿತು. ಒಂದು ಶಬ್ದ! ಅದಕ್ಕೆ ಸುಮಾರು ಎರಡು ವರ್ಷ! ಆಮೇಲೆ ಲೋಕಲ್‌ನಲ್ಲಿ ಕೂತು ಮನೆಗೆ ಬರುವಾಗ ಯೋಚಿಸಿದೆ. ಹೀಗೆ ಒಂದು ಶಬ್ದ ಎಂದು ಕೇಳುವವರು ಎಷ್ಟು ಭಾಷೆಗಳಲ್ಲಿ ಎಷ್ಟು ಸಾವಿರ ಜನ ಇರಬಹುದು. ಎಲ್ಲರಿಗೂ ಹೂಂ ಎಂದರೆ ನನ್ನ ಸೊಸೈಟಿಯ ಸರ್ವರ್ ಹೇಗೆ ನಿಲ್ಲುತ್ತದೆ. ಆ ತಪ್ಪು ಫ್ರೀಜ್‌ಗೆ ಮುಂಚಿನ ಒಂದೂವರೆ ವರ್ಷ ಟೆಸ್ಟಿಂಗ್‌ನಲ್ಲಿ ಬಹಿರಂಗವಾಗಿ ಬಿದ್ದಿತ್ತು. ಕನ್ನಡ ಬಲ್ಲ ಒಬ್ಬರು ಆಗ ತೆರೆದು ನೋಡಿದ್ದರೆ ಐದು ನಿಮಿಷದ ಕೆಲಸ. ನೋಡಲಿಲ್ಲ. ನಾನೂ ನೋಡಿರಲಿಲ್ಲ.

ಮುಂಬೈ, ಪುಣೆಗಳಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಕನ್ನಡದ ಮಕ್ಕಳು ಎಷ್ಟೊಂದು ಜನ ಇದ್ದಾರೆ. ಹಿಂಜವಡಿಯಲ್ಲಿ, ಐರೋಲಿಯಲ್ಲಿ, ಪವಾಯಿಯಲ್ಲಿ ದಿನವಿಡೀ ಬೇರೆಯವರ ಸಾಫ್ಟ್‌ವೇರ್ ಪರೀಕ್ಷೆ ಮಾಡುತ್ತಾರೆ. ಅವರಿಗೆ ಪರೀಕ್ಷೆ ಮಾಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ನಾನು ಕೇಳುವುದು ಇಷ್ಟೇ. ಮುಂದಿನ ಬಿಡುಗಡೆ ಡೆಬಿಯನ್ 14, ಹೆಸರು ಫೋರ್ಕಿ. ಅದು ಈಗ ಟೆಸ್ಟಿಂಗ್‌ನಲ್ಲಿದೆ. ಒಂದು ಹಳೆಯ ಲ್ಯಾಪ್‌ಟಾಪಿಗೆ ಹಾಕಿ. ಮುಖ್ಯ ಕೆಲಸದ ಯಂತ್ರಕ್ಕೆ ಬೇಡ. ಭಾಷೆ ಕನ್ನಡ ಎಂದು ಆರಿಸಿ. ಮೆನುಗಳನ್ನು ಓದಿ, ಒತ್ತಕ್ಷರ ಕೂಡಿಸಿ ನೋಡಿ, ಜ್ಞ, ಕ್ಷ್ಮಿ, ರಾಷ್ಟ್ರ, ಅರ್ಕಾವತ್ತು ಬರುವ ಶಬ್ದಗಳನ್ನು ಹೊಡೆದು ನೋಡಿ, ಪ್ರಿಂಟ್ ತೆಗೆದು ನೋಡಿ, ಕನ್ನಡ ಹೆಸರಿನ ಫೈಲುಗಳು ಅಕಾರಾದಿಯಾಗಿ ಸಾಲಾಗಿ ನಿಲ್ಲುತ್ತವೆಯೇ ನೋಡಿ. ತಪ್ಪು ಕಂಡರೆ ರಿಪೋರ್ಟ್‌ಬಗ್ ಎಂಬ ಪ್ರೋಗ್ರಾಂ ಇದೆ, ಅದೇ ಪ್ರಶ್ನೆ ಕೇಳಿ ಮೇಲ್ ಕಳಿಸುತ್ತದೆ. ಇಂಗ್ಲಿಷಿನಲ್ಲಿ ಬರೆಯಬೇಕು, ನಾಲ್ಕು ಸಾಲು ಸಾಕು. ಏನು ಮಾಡಿದಿರಿ, ಏನು ಬರಬೇಕಿತ್ತು, ಏನು ಬಂತು.

ನಮ್ಮ ಸಂಘದ 11 ಯಂತ್ರಗಳಲ್ಲಿ ಎರಡು ಹಳೆಯ ಬಗೆಯ 32 ಬಿಟ್ ಪ್ರೊಸೆಸರಿನವು. ಅವುಗಳಿಗೆ 13ರಲ್ಲಿ ಇನ್‌ಸ್ಟಾಲರ್ ಇಲ್ಲ, ಅವು 12ರಲ್ಲೇ ಇವೆ, ಅವುಗಳ ಬದಲಿಗೆ ಯಾರಾದರೂ ಎರಡು ಹಳೆಯ 64 ಬಿಟ್ ಯಂತ್ರ ಕೊಟ್ಟರೆ ಕೃತಜ್ಞರಾಗಿರುತ್ತೇವೆ. ಎಂಟು ಯಂತ್ರಗಳಲ್ಲಿ 13. ಬಾಗಿಲ ಪಕ್ಕದ ಒಂದಕ್ಕೆ ಕಳೆದ ಭಾನುವಾರ ಟೆಸ್ಟಿಂಗ್ ಹಾಕಿದ್ದೇನೆ, ಅದರ ಮೇಲೆ ಹಳದಿ ಚೀಟಿ ಅಂಟಿಸಿದ್ದೇನೆ. ಆ ಪ್ರಬಂಧದ ಹುಡುಗಿ ಈಗ ಒಂಬತ್ತನೇ ಕ್ಲಾಸು. ಅವಳು ಮೊನ್ನೆಯೇ ಕೂತು ಮೂರು ತಪ್ಪು ಬರೆದಿಟ್ಟಿದ್ದಾಳೆ, ಈ ಭಾನುವಾರ ಕಳಿಸುತ್ತೇವೆ. ತಂಗಳು ಎಂದು ಬರೆದ ಓದುಗರೂ ದಯವಿಟ್ಟು ಬರಲಿ. ಸಂಜೆ ನಾಲ್ಕರ ಮೇಲೆ ಬನ್ನಿ, ಅಷ್ಟು ಹೊತ್ತಿಗೆ ಮೆಗಾ ಬ್ಲಾಕ್ ಮುಗಿದಿರುತ್ತದೆ.

ಇತಿ,
ಡೊಂಬಿವಲಿಯ ಒಬ್ಬ ಓದುಗಿತ್ತಿ